ಅಡುಗೆಮನೆಯ ಧೈವತ

ನಾನು ಕೆಲಸ ಮಾಡುವ ಸ್ಟುಡಿಯೋ ಅಮೆರಿಕದ ಸ್ಯಾನ್ ಮಟಿಯೋದಲ್ಲಿ, ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದುಗಡೆ ಇದೆ. ಸ್ಟುಡಿಯೋ ಅಂದ ಕೂಡಲೇ ಜನ ಹಾಡುವವರು ನುಡಿಸುವವರು ಬಂದು ಹೋಗುವ ಜಾಗ ಅಂದುಕೊಳ್ಳುತ್ತಾರೆ. ನಮ್ಮಲ್ಲಿಗೆ ಅಂಥವರು ಯಾರೂ ಬರುವುದಿಲ್ಲ. ಬರುವುದು ಹಳೆಯ ಟೇಪುಗಳು. ಯಾರದೋ ಗರಾಜಿನಲ್ಲೋ ಯಾವುದೋ ರೇಡಿಯೋ ಕೇಂದ್ರದ ಮೂಲೆಯಲ್ಲೋ ವರ್ಷಗಟ್ಟಲೆ ಬಿದ್ದುಕೊಂಡಿದ್ದ ರೀಲುಗಳು ರಟ್ಟಿನ ಡಬ್ಬಿಗಳಲ್ಲಿ ಬಂದಿಳಿಯುತ್ತವೆ. ಅವುಗಳ ಸದ್ದನ್ನು ಕಂಪ್ಯೂಟರಿಗೆ ಇಳಿಸಿ, ಕಾಲ ಮೆತ್ತಿದ ಕೊಳೆಯನ್ನು ತೆಗೆದು, ಹೈ-ರೆಸಲ್ಯೂಷನ್ ಡಿಸ್ಕಿಗೆ ಸಿದ್ಧಮಾಡಿ ಕೊಡುವುದು ನಮ್ಮ ಕೆಲಸ. ಇದು ಮಾಮೂಲಿ ಸಿಡಿಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾಗಿ ಸದ್ದನ್ನು ಹಿಡಿದಿಟ್ಟುಕೊಳ್ಳುವ ಡಿಸ್ಕು. ಕೊಳ್ಳುವವರು ಕಡಿಮೆ. ಆದರೆ ಕೊಂಡವರು ಕಿವಿ ನೆಟ್ಟು ಕೇಳುತ್ತಾರೆ. ಸಭೆಯಲ್ಲಿ ಯಾರೋ ಕೆಮ್ಮಿದ್ದನ್ನು ನಾವು ಅಳಿಸಿಬಿಟ್ಟರೆ ಆ ಕೆಮ್ಮು ಎಲ್ಲಿ ಹೋಯಿತು ಅಂತ ಈಮೇಲು ಬರೆಯುವಂಥ ಜನ.

ಮೊದಲು ನಾನು ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಸದ್ದಿನ ಸರ್ಕ್ಯೂಟುಗಳನ್ನು ಪರೀಕ್ಷೆ ಮಾಡುತ್ತಿದ್ದೆ. ಅಲ್ಲಿ ಸದ್ದು ಅಂದರೆ ಪರದೆಯ ಮೇಲಿನ ಒಂದು ಗೆರೆ ಅಷ್ಟೆ. ಕಂಪನಿ ನಮ್ಮ ವಿಭಾಗವನ್ನು ಮುಚ್ಚಿದಾಗ, ಅದೇ ಸರ್ಕ್ಯೂಟುಗಳನ್ನು ಕೊಳ್ಳಲು ಬರುತ್ತಿದ್ದ ಒಬ್ಬ ಹೆಂಗಸು, "ನಿನಗೆ ಅಳೆಯುವುದು ಗೊತ್ತಿದೆ, ಕೇಳುವುದನ್ನು ನಾನು ಕಲಿಸುತ್ತೇನೆ, ಬಾ" ಅಂದಳು. ಅವಳೇ ಈ ಸ್ಟುಡಿಯೋದ ಒಡತಿ. ಅರವತ್ತು ದಾಟಿದವಳು, ಬೆಳ್ಳಿ ಬಣ್ಣದ ಗಿಡ್ಡ ಕೂದಲು, ಇಪ್ಪತ್ತರ ವಯಸ್ಸಿನಿಂದಲೂ ಇದೇ ಕೆಲಸ. ಮನೆ ಇರುವುದು ಮಿಲ್ಪಿಟಾಸಿನಲ್ಲೇ ಆದ್ದರಿಂದ ನನಗೆ ಅರ್ಧ ಆಯುಸ್ಸು ಫ್ರೀವೇಯಲ್ಲೇ ಕಳೆಯುತ್ತದೆ. ಆದರೂ ಈ ಕೆಲಸ ಬಿಡುವ ಮನಸ್ಸು ಒಮ್ಮೆಯೂ ಆಗಿಲ್ಲ.

ನಾನು ಮಾಡುವುದೇನು ಅಂತ ಬೆಂಗಳೂರಿನಲ್ಲಿರುವ ಅಮ್ಮನಿಗೆ ಅರ್ಥಮಾಡಿಸಲು ಬಹಳ ಪಾಡುಪಟ್ಟಿದ್ದೇನೆ. ಎಪ್ಪತ್ತರ ದಶಕದ ಕೆಲವು ಟೇಪುಗಳು ಅಂಟಂಟಾಗಿರುತ್ತವೆ. ಗಾಳಿಯ ತೇವ ಹೀರಿಕೊಂಡು ಅದರ ಮೇಲಿನ ಲೇಪ ಮೆತ್ತಗಾಗಿರುತ್ತದೆ, ಹಾಗೇ ಓಡಿಸಿದರೆ ಕಿತ್ತು ಬರುತ್ತದೆ. ಅದಕ್ಕೆ ಅವನ್ನು ಮೊದಲು ಸಣ್ಣ ಬಿಸಿಯಲ್ಲಿ ಒಣಗಿಸಬೇಕು. ಹಣ್ಣಿನ ಹೋಳುಗಳನ್ನು ಒಣಗಿಸುವ ಅಡುಗೆಮನೆ ಯಂತ್ರವೇ ಅದಕ್ಕೆ ಸಾಕು. ಒಮ್ಮೆ ವಿಡಿಯೋ ಕಾಲಿನಲ್ಲಿ ಅದನ್ನು ತೋರಿಸಿದಾಗ ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಅಮೇರಿಕಾಗೆ ಹೋಗಿ ಹಪ್ಪಳ ಒಣಗಿಸ್ತಿದೀಯಲ್ಲೇ" ಅಂದರು.

ಹಾಗೆ ಒಣಗಿಸಬೇಕಾಗಿ ಬಂದ ರೀಲುಗಳಲ್ಲಿ ಒಂದು ಜೊತೆಯ ಕತೆ ಇದು.

ಅವನ್ನು ತಂದವರು ಒಬ್ಬ ನಿವೃತ್ತ ಮೇಷ್ಟರು, ಅಮೆರಿಕನ್ನರು. ಹುಡುಗನಾಗಿದ್ದಾಗ ಇಲ್ಲೇ ಯಾರಲ್ಲೋ ಸಿತಾರ್ ಕಲಿತವರು. ಈಗ ತಮ್ಮ ಪಾಡಿಗೆ ಒಂದು ಪುಟ್ಟ ರೆಕಾರ್ಡ್ ಕಂಪನಿ ನಡೆಸುತ್ತಾರೆ. ಧಾರವಾಡ ಕಡೆಯ ಒಬ್ಬ ಹಿಂದೂಸ್ತಾನಿ ಗಾಯಕಿ, ಈಗಿಲ್ಲ, ಸುಮಾರು ಐವತ್ತು ವರ್ಷಗಳ ಹಿಂದೆ ಒಂದೇ ಒಂದು ಸಲ ಅಮೆರಿಕಕ್ಕೆ ಬಂದಿದ್ದರಂತೆ. ಆಗ ಇಲ್ಲಿಯ ಕೊಲ್ಲಿಯ ಆಚೆ ದಡದ ಈಸ್ಟ್ ಬೇಯ ಒಂದು ಮನೆಯ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ, ಕಾರ್ಪೆಟ್ಟಿನ ಮೇಲೆ ಕೂತ ಕೆಲವೇ ಜನರೆದುರು ಹಾಡಿದ್ದರು. ಅದನ್ನು ಮನೆಯ ಯಜಮಾನರು ತಮ್ಮ ರೀಲ್ ಯಂತ್ರದಲ್ಲಿ ಹಿಡಿದಿಟ್ಟಿದ್ದರು. ಆಮೇಲೆ ಅದು ಕ್ಯಾಸೆಟ್ಟಿಗೆ ಇಳಿದು, ಆ ಕ್ಯಾಸೆಟ್ಟಿನಿಂದ ಇನ್ನೊಂದು ಕ್ಯಾಸೆಟ್ಟಿಗೆ ಇಳಿದು, ರಸಿಕರ ಕೈಯಿಂದ ಕೈಗೆ ದಾಟುತ್ತಾ ಬಂದಿತ್ತು. ಮೂಲ ರೀಲು ಕಳೆದೇಹೋಯಿತು ಅಂತ ಎಲ್ಲರೂ ತಿಳಿದಿದ್ದಾಗ, ಯಜಮಾನರು ತೀರಿಕೊಂಡ ಮೇಲೆ ಅವರ ಮಗಳು ಗರಾಜು ಖಾಲಿಮಾಡುವಾಗ ಸಿಕ್ಕಿತು.

ಮೇಷ್ಟರು ಡಬ್ಬಿಯನ್ನು ನನ್ನ ಮೇಜಿನ ಮೇಲೆ ಇಟ್ಟವರೇ, "ಕೊನೆಯ ಹಾಡಿನಿಂದ ಶುರುಮಾಡು. ಎಲ್ಲರೂ ಮೊದಲು ಅದನ್ನೇ ಕೇಳುವುದು" ಅಂದರು.

ಕೊನೆಯ ಹಾಡು ಭೀಮ್‌ಪಲಾಸ್ ರಾಗದಲ್ಲಿ ಒಂದು ದಾಸರ ಪದ. ಅದರ ಎರಡನೇ ಚರಣದಲ್ಲಿ ಗಾಯಕಿ ಒಂದು ಕಡೆ ಧೈವತವನ್ನು, ಅಂದರೆ ಸರಿಗಮಪದ ಅನ್ನುವಾಗಿನ 'ದ'ವನ್ನು, ಆ ರಾಗದಲ್ಲಿ ಇರಬೇಕಾದ ಎತ್ತರಕ್ಕಿಂತ ಕೆಳಗೆ ಹಿಡಿಯುತ್ತಾರೆ. ಲೆಕ್ಕದಲ್ಲಿ ಅದು ತಪ್ಪು. ಆದರೆ ಕೇಳಿದರೆ ಎದೆಯೊಳಗೆ ಏನೋ ಜಾರಿದ ಹಾಗಾಗುತ್ತದೆ. ಆ ಒಂದು ಸ್ವರದ ಬಗ್ಗೆ ರಸಿಕರು ದಶಕಗಳಿಂದ ಜಗಳವಾಡಿದ್ದಾರೆ. ಮೇಷ್ಟರಂತೂ ಅದರ ಮೇಲೆ ದೊಡ್ಡ ಲೇಖನವನ್ನೇ ಬರೆದಿದ್ದರು, ಡಿಸ್ಕಿನ ಜೊತೆ ಕೊಡುವ ಪುಸ್ತಿಕೆಯಲ್ಲೂ ಅದೇ ಬರಬೇಕಿತ್ತು. ಆ ಗಳಿಗೆಯಲ್ಲಿ ಗಾಯಕಿಯ ಒಳಗಿನಿಂದಲೇ ಹುಟ್ಟಿ ಬಂದ ಸ್ವರ ಅದು, ಅನ್ನುವುದು ಅವರ ವಾದ.

ರೀಲು ಒಣಗಿತು. ಓಡಿಸಿದೆ. ಕ್ಯಾಸೆಟ್ಟುಗಳಲ್ಲಿ ಮಂಜಿನ ಹಿಂದಿನಿಂದ ಬಂದಂತಿದ್ದ ದನಿ ಇಲ್ಲಿ ಎದುರಿಗೇ ಕೂತಿತ್ತು. ಗಾಯಕಿ ಉಸಿರು ತೆಗೆದುಕೊಳ್ಳುವುದು, ತಂಬೂರಿಯ ತಂತಿಗೆ ಉಗುರು ತಾಕುವುದು, ಎಲ್ಲ ಕೇಳುತ್ತಿತ್ತು. ಅದರ ಜೊತೆಗೆ ಇನ್ನೊಂದೂ ಕೇಳಿತು. ಆ ಪ್ರಸಿದ್ಧ ಧೈವತ ಬರುವ ಮುಂಚೆ, ಬಹಳ ಸಣ್ಣಗೆ, ಅದೇ ಸ್ವರದ ಒಂದು ನೆರಳು.

ಒಡತಿಯನ್ನು ಕರೆದೆ. ಅವಳು ಹೆಡ್‌ಫೋನು ಹಾಕಿಕೊಂಡು ಒಂದೇ ಸಲ ಕೇಳಿ, "ಟೇಪಿನ ನೆರಳು. ಅಳಿಸು" ಅಂದಳು.

ಇದು ಹಳೆಯ ಟೇಪುಗಳಿಗೆ ಇರುವ ಕಾಯಿಲೆ. ಟೇಪನ್ನು ಸುರುಳಿ ಸುತ್ತಿಟ್ಟಾಗ ಒಂದರ ಮೇಲೊಂದು ಸುತ್ತು ಒತ್ತಿಕೊಂಡಿರುತ್ತದೆ. ಜೋರಾದ ಸದ್ದಿರುವ ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೂ ತುಸು ಅಂಟಿಕೊಳ್ಳುತ್ತದೆ. ಆಮೇಲೆ ಓಡಿಸಿದಾಗ ನಿಜವಾದ ಸದ್ದಿಗಿಂತ ಮುಂಚೆಯೇ ಅದರ ಪಿಸುಮಾತು ಕೇಳುತ್ತದೆ. ಇದನ್ನು ಅಳಿಸುವುದು ನನಗೆ ಅಭ್ಯಾಸವಾದ ಕೆಲಸ. ಪರದೆಯ ಮೇಲೆ ಸದ್ದು ಬಣ್ಣದ ಚಿತ್ರವಾಗಿ ಕಾಣುತ್ತದೆ, ನೆರಳು ಎಲ್ಲಿದೆ ಅಂತ ಗುರುತು ಹಾಕಿ ಒರೆಸಿದರಾಯಿತು.

ಒರೆಸಲು ಹೋದಾಗ ನನಗೆ ಅನುಮಾನ ಬಂತು. ಟೇಪಿನ ನೆರಳಿಗೆ ಒಂದು ಶಿಸ್ತಿರುತ್ತದೆ. ಸುರುಳಿ ಒಂದು ಸುತ್ತು ತಿರುಗುವಷ್ಟು ಹೊತ್ತಿನ ಮುಂಚೆ ಅದು ಬರಬೇಕು, ಆ ಲೆಕ್ಕ ತಪ್ಪುವಂತಿಲ್ಲ. ಈ ನೆರಳು ಒಂದು ಕಡೆ ಗಾಯಕಿಯ ಹಿಂದೆಯೇ ಬರುತ್ತಿತ್ತು, ಇನ್ನೊಂದು ಕಡೆ ಬಹಳ ಮುಂದೆ ಹೋಗಿಬಿಡುತ್ತಿತ್ತು. ಕೆಲವು ಕಡೆ ನೆರಳಿತ್ತು, ಅದರ ಹಿಂದೆ ಬರಬೇಕಾದ ನಿಜವಾದ ಸ್ವರವೇ ಇರಲಿಲ್ಲ. ಅಷ್ಟೇ ಅಲ್ಲ, ಗಾಯಕಿಯ ಮೊದಲ ಚರಣದಲ್ಲಿ ಧೈವತ ಮಾಮೂಲಿ ಎತ್ತರದಲ್ಲೇ ಇತ್ತು. ನೆರಳು ಮಾತ್ರ ಅಲ್ಲೂ ಕೆಳಗಿನ ಧೈವತವನ್ನೇ ಹಾಡುತ್ತಿತ್ತು.

"ನೆರಳು ಮೂಲ ದನಿಗಿಂತ ಬೇರೆ ಹಾಡಲು ಸಾಧ್ಯವೇ?" ಅಂತ ಒಡತಿಯನ್ನು ಕೇಳಿದೆ.

ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು. "ಎಡ ಬಲ ಬೇರೆ ಬೇರೆ ಮಾಡಿ ಹಾಕು."

ಯಜಮಾನರು ಎರಡು ಮೈಕು ಇಟ್ಟಿದ್ದರು, ಎಡಕ್ಕೊಂದು ಬಲಕ್ಕೊಂದು. ಬಲಗಡೆಯದರಲ್ಲಿ ನೆರಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಡಗಡೆಯದರಲ್ಲಿ ಅದು ಸ್ಪಷ್ಟವಾಗಿ ಹೆಂಗಸಿನ ದನಿ. ಮೈಕಿನಿಂದ ದೂರದಲ್ಲಿ, ಬೇರೆ ಯಾವುದೋ ಕೋಣೆಯ ಗೋಡೆಗಳಿಗೆ ತಾಗಿ ಬಂದ ದನಿ. ಎಡಗಡೆ ಇನ್ನೊಂದು ವಿಶೇಷವೂ ಇತ್ತು. ಟೇಪು ಓಡುವಾಗ ಸುಯ್ಯೆನ್ನುವ ಸದ್ದು ಇದ್ದೇ ಇರುತ್ತದೆ, ಆದರೆ ಅದು ಏರಿಳಿತವಿಲ್ಲದೆ ಒಂದೇ ಸಮ ಇರಬೇಕು. ಇಲ್ಲಿ ಅದು ಒಮ್ಮೆಲೇ ಏರಿ, ನಿಧಾನವಾಗಿ ಇಳಿದು, ಮತ್ತೆ ಒಮ್ಮೆಲೇ ಏರುತ್ತಿತ್ತು.

"ಮಳೆಯಾ?" ಅಂದಳು ಒಡತಿ.

"ಒಂದೇ ಕಿವಿಗೆ ಮಳೆ ಬರುತ್ತದೆಯೇ?" ಅಂದೆ.

ಪದ ಶುರುವಾಗುವುದಕ್ಕೆ ಮುಂಚಿನ ಭಾಗವನ್ನು ನಾನು ಇನ್ನೂ ಕೇಳಿರಲಿಲ್ಲ. ತಂಬೂರಿ ಶ್ರುತಿ ಮಾಡಿಕೊಳ್ಳುವುದು, ಜನ ಎದ್ದು ಕೂರುವುದು, ಏನೇನೋ ಮಾತು. ಕತ್ತರಿಸಿ ಬಿಸಾಡಬೇಕಾದ ಭಾಗ ಅದು. ಅಲ್ಲಿಗೆ ಹೋದೆ. ಯಾರೋ ಎದ್ದು ನಡೆದ ಹೆಜ್ಜೆ ಸದ್ದು, ಬಾಗಿಲು ಹಾಕಿದ ಸದ್ದು. ಎಡಗಡೆಯ ಸುಯ್ ತಟ್ಟನೆ ನಿಂತಿತು. ಆಮೇಲೆ ಗಾಯಕಿಯ ಮಾತು. ಅದು ಕನ್ನಡ.

"ಆ ಬಾಗಲಾ ಯಾಕ ಹಾಕಿದ್ರೀ? ತಗೀರಿ ಅದನ್ನ."

ಗಂಡು ದನಿಯೊಂದು ಸಂಕೋಚದಿಂದ ಹೇಳಿತು. "ಇಲ್ಲ ಅಮ್ಮ, ಅಡುಗೆಮನೆಯ ಸದ್ದು ಬರ್ತದೆ. ಎಣ್ಣೆಯದ್ದು. ಟೇಪಿಗೆ ಬೀಳ್ತದೆ."

"ಬೀಳ್ಲಿ ಬಿಡ್ರಿ. ನನಗ ಕೇಳಬೇಕಾಗ್ಯದ."

ಸಭೆಯಲ್ಲಿ ಒಂದಿಬ್ಬರು ನಕ್ಕರು. ಬಹುಶಃ ತಿಂಡಿಯ ಮಾತು ಅಂದುಕೊಂಡಿರಬೇಕು. ಬಾಗಿಲು ತೆರೆಯಿತು, ಸುಯ್ ಮತ್ತೆ ಶುರುವಾಯಿತು. ಪದ ಆರಂಭವಾಯಿತು. ಅಡುಗೆಮನೆಯಲ್ಲಿ ಯಾರೋ ಏನನ್ನೋ ಕರಿಯುತ್ತಾ, ತಮಗೆ ಗೊತ್ತಿದ್ದ ಹಾಗೆ ಅದೇ ಪದವನ್ನು ಗುನುಗುತ್ತಿದ್ದರು. ಎರಡನೇ ಚರಣದಲ್ಲಿ ಆ ದನಿ ಕೆಳಗಿನ ಧೈವತಕ್ಕೆ ಬಂದು ನಿಂತಾಗ ಗಾಯಕಿ ಸುಮ್ಮನಾದರು. ಒಂದು ಉಸಿರು ತೆಗೆದುಕೊಂಡರು. ಆಮೇಲೆ ಅದನ್ನೇ ಹಾಡಿದರು.

ನಾನು ಒಡತಿಗೆ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. "ಅಳಿಸು ಅಂದಿದ್ದೆ ನಾನು" ಅಂದವಳು ಎದ್ದು ಹೋಗಿ ಕಾಫಿ ಹಾಕಿಕೊಂಡು ಬಂದಳು.

ಮರುದಿನ ಮೇಷ್ಟರು ಬಂದರು. ಅವರಿಗೆ ಖುಷಿಯಾಗುತ್ತದೆ ಅಂತ ನಾನು ಎಣಿಸಿದ್ದೆ, ಹಾಗಾಗಲಿಲ್ಲ. ಕೇಳಿದರು. ಮತ್ತೆ ಕೇಳಿದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇದು ಕಾಕತಾಳೀಯ ಇರಬಹುದಲ್ಲ?" ಅಂದರು.

"ಇರಬಹುದು" ಅಂದೆ. "ಆದರೆ ಬಾಗಿಲು ತೆಗೆಸಿದ್ದು?"

ಆ ಮಾತುಗಳು ಅವರ ಕ್ಯಾಸೆಟ್ಟಿನಲ್ಲಿ ಇರಲೇ ಇಲ್ಲ. ಇದ್ದಿದ್ದರೂ ಅವರಿಗೆ ಕನ್ನಡ ಬರುವುದಿಲ್ಲ. ಎಷ್ಟೋ ವರ್ಷ ಪ್ರೀತಿಸಿದ ಒಂದು ಸ್ವರದ ಹಿಂದೆ ಇನ್ನೊಬ್ಬರಿದ್ದಾರೆ ಅಂತ ಒಂದು ಬೆಳಿಗ್ಗೆ ಗೊತ್ತಾದರೆ ಯಾರಿಗಾದರೂ ಕಷ್ಟವೇ. ಆದರೂ ಹೊರಡುವ ಮುಂಚೆ ಅವರೇ ಕೇಳಿದರು. "ಯಾರಿರಬಹುದು ಆಕೆ?" ಅಲ್ಲೇ ನಿಂತು ರೀಲು ಕೊಟ್ಟ ಮಗಳಿಗೆ ಫೋನು ಮಾಡಿದರು. ಆ ದಿನ ಅಡುಗೆಮನೆಯಲ್ಲಿ ಇದ್ದದ್ದು ಮತ್ತಾರೂ ಅಲ್ಲ, ಆಕೆಯ ಅಮ್ಮ. ಉಡುಪಿ ಕಡೆಯವರು. ಈಗ ಇಲ್ಲೇ ಈಸ್ಟ್ ಬೇಯ ಡಬ್ಲಿನ್ ಅನ್ನುವ ಊರಿನಲ್ಲಿ ಮಗಳ ಜೊತೆಗೇ ಇದ್ದಾರೆ.

ಒಂದು ಬೆಳಿಗ್ಗೆ ಮಗಳು ಅವರನ್ನು ಕಾರಿನಲ್ಲಿ ಕರೆದುಕೊಂಡು ಬಂದಳು. ಎಂಬತ್ತು ದಾಟಿದ ಚಿಕ್ಕ ಆಕಾರದ ಹೆಂಗಸು, ಹತ್ತಿ ಸೀರೆ, ಮೇಲೊಂದು ದಪ್ಪ ಸ್ವೆಟರು, ಕಾಲಿಗೆ ಬಿಳಿ ವಾಕಿಂಗ್ ಶೂಸು. ಒಳಗೆ ಬಂದವರು ಗೋಡೆಗೆ ಹೊದಿಸಿದ್ದ ದಪ್ಪ ಬಟ್ಟೆಯನ್ನು ಒಂದು ಬೆರಳಿನಿಂದ ಒತ್ತಿ ನೋಡಿದರು. "ಇದೆಂಥದು, ಗೋಡೆಗೂ ಹಾಸಿಗೆಯಾ?"

"ಸದ್ದು ವಾಪಸ್ ಬೌನ್ಸ್ ಆಗ್ಬಾರ್ದು ಅಂತ ಅಮ್ಮಾ" ಅಂದೆ.

"ಓಹ್. ನಮ್ಮ ಮನೆಯಲ್ಲಿ ನಾನು ಕರೆದರೆ ಇವಳು ಓ ಅನ್ಲಿಕ್ಕಿಲ್ಲ, ಇಲ್ಲಿ ಗೋಡೆಯೇ ಓ ಅನ್ಬಾರದಾ!"

"ಅಮ್ಮಾ, ಪ್ಲೀಸ್" ಅಂದಳು ಮಗಳು. ಆಕೆಗೆ ಐವತ್ತರ ಆಸುಪಾಸು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡವೂ ತುಳುವೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಕಡೆ ತಿರುಗಿ, "ಹಿಯರಿಂಗ್ ಏಡ್ ಹಾಕಿದಾರೆ, ಬಟ್ ಹೈ ಸೌಂಡ್ಸ್ ಕೇಳಲ್ಲ" ಅಂದಳು.

ಮೇಷ್ಟರೂ ಬಂದು ಹಿಂದಿನ ಸೋಫಾದಲ್ಲಿ ಕೂತಿದ್ದರು. ನಾನು ಅಮ್ಮನವರನ್ನು ಎರಡು ಸ್ಪೀಕರುಗಳ ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ಮೊದಲು ಮಾತಿನ ಭಾಗ ಹಾಕಿದೆ. ಗಂಡು ದನಿ ಬಂದ ಕೂಡಲೇ ಅವರು ನೆಟ್ಟಗಾದರು.

"ಇವರು!" ಅಂದರು. ತೀರಿಹೋದ ಯಜಮಾನರು. ಮಗಳು ಅಮ್ಮನ ಭುಜದ ಮೇಲೆ ಕೈಯಿಟ್ಟಳು.

"ಇವರಿಗೆ ಯಾವಾಗಲೂ ಆ ಟೇಪಿನದ್ದೇ ಚಿಂತೆ. ನಾನು ಗೋಳಿಬಜೆ ಕರೀತಾ ಇದ್ದೆ. ಅಷ್ಟು ಜನರಿಗೆ ಚಹಾ, ಬಜೆ, ಚಟ್ನಿ, ಎಲ್ಲ ನಾನೊಬ್ಬಳೇ. ಇವರು ಬಂದು ಬಾಗಿಲು ಹಾಕಿದರು. ಒಳಗೆ ಹೊಗೆ ತುಂಬಿತು. ಮತ್ತೆ ಅವರೇ ತೆಗೆದರು." ತುಸು ತಡೆದು ಕೇಳಿದರು. "ಆ ಹಾಡುವ ಅಮ್ಮ ಹೇಳಿದ್ದು ಸೆಖೆಗೆ ಅಲ್ವಾ? ಒಳಗೆ ಸೆಖೆ ಆಗ್ತದೆ, ಬಾಗಿಲು ತೆಗೀರಿ ಅಂತ. ನಾನು ಹಾಗೇ ಎಣಿಸಿದ್ದು."

ಅವರಿಗೆ ಗೊತ್ತಿರಲಿಲ್ಲ. ಐವತ್ತು ವರ್ಷಗಳಿಂದ ಅವರ ಪಾಲಿಗೆ ಅದು ಹೊಗೆ ಸೆಖೆಯ ಮಾತು, ಅಷ್ಟೆ.

"ಇಲ್ಲ ಅಮ್ಮಾ, ಇನ್ನೊಂದ್ಸಲ ಹಾಕ್ತೀನಿ, ಕೇಳಿ" ಅಂದೆ.

'ನನಗ ಕೇಳಬೇಕಾಗ್ಯದ' ಅನ್ನುವಲ್ಲಿ ನಿಲ್ಲಿಸಿ, ಪದದ ಎರಡನೇ ಚರಣ ಹಾಕಿದೆ. ಎಡ ಸ್ಪೀಕರಿನಿಂದ ಎಣ್ಣೆಯ ಸದ್ದು ಏರಿ ಇಳಿಯುತ್ತಿತ್ತು. ಅದು ಅವರಿಗೆ ಕೇಳಲಿಲ್ಲ, ಆ ಎತ್ತರದ ಸದ್ದು ಅವರ ಕಿವಿಗೆ ಬೀಳುವುದು ನಿಂತು ವರ್ಷಗಳಾಗಿರಬೇಕು. ಆದರೆ ಆ ಸಣ್ಣ ದನಿ ಬಂದ ಕೂಡಲೇ ಅವರು ತಲೆ ಎಡಕ್ಕೆ ತಿರುಗಿಸಿದರು. ಆಮೇಲೆ ಗಾಯಕಿಯ ಮೌನ, ಆಮೇಲೆ ಗಾಯಕಿಯ ಧೈವತ.

"ಯು ನೆವರ್ ಟೋಲ್ಡ್ ಮೀ ಯು ಸ್ಯಾಂಗ್" ಅಂದಳು ಮಗಳು.

"ಹಾಡಿದ್ದೆಲ್ಲಿ ಮಾರಾಯ್ತಿ? ಬಜೆ ಕರಿದದ್ದು" ಅಂದರು ಅಮ್ಮ. ನನ್ನ ಕಡೆ ತಿರುಗಿ, "ಇನ್ನೊಮ್ಮೆ ಹಾಕು" ಅಂದರು.

ಹಾಕಿದೆ. ಮೂರನೆಯ ಸಲವೂ ಕೇಳಿಸಿಕೊಂಡರು. ಕಣ್ಣೀರು ಬರಬಹುದು ಅಂತ ಒಡತಿ ಟಿಶ್ಯೂ ಡಬ್ಬಿಯನ್ನು ಮೆಲ್ಲಗೆ ಹತ್ತಿರ ಸರಿಸಿದಳು. ಅಮ್ಮನವರ ಹುಬ್ಬು ಗಂಟಿಕ್ಕಿತ್ತು. ಬಲಗೈ ತೊಡೆಯ ಮೇಲೆ ಏನನ್ನೋ ಅಳೆಯುತ್ತಿತ್ತು.

"ಚಂದ ಹಾಡಿದ್ದಾರೆ" ಅಂದರು. "ದೊಡ್ಡ ಗಂಟಲು. ಆದರೆ ಇದು ಹೀಗಲ್ಲ."

"ಹೀಗಲ್ಲ ಅಂದ್ರೆ?"

"ನಮ್ಮ ಅಮ್ಮ ಹೇಳಿಕೊಟ್ಟದ್ದು ಹೀಗಲ್ಲ. ಇವರು ಅಲ್ಲಿಗೆ ಬಂದು ಓಡಿಹೋದರು. ಅಲ್ಲಿ ನಿಲ್ಲಬೇಕು. ನಿಂತು, ಸ್ವಲ್ಪ ಅಲ್ಲಾಡಿಸಿ, ಮತ್ತೆ ಇಳಿಯಬೇಕು. ಓಡ್ಲಿಕ್ಕಿಲ್ಲ."

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮೇಷ್ಟರು ಸೋಫಾದಿಂದ ಎದ್ದು ಬಂದು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. "ಹೇಗೆ ಅಂತ ತೋರಿಸುತ್ತಾರಾ? ಕೇಳು" ಅಂದರು. ಅವರ ಮುಖದಲ್ಲಿ ಮೊನ್ನೆಯ ನಿರಾಸೆ ಇರಲಿಲ್ಲ.

ಒಡತಿ ಮೈಕು ಹಚ್ಚಬಹುದೇ ಅಂತ ಸನ್ನೆ ಮಾಡಿದಳು. ನಾನು ಕೇಳಿದೆ. ಅಮ್ಮನವರು ಮೊದಲು ಬೇಡ ಅಂದರು. ಆಮೇಲೆ, "ಬಿಸಿ ನೀರು ಉಂಟಾ?" ಅಂದರು. ಕುಡಿದು, ಕಪ್ಪು ಕೆಳಗಿಟ್ಟು, ತಯಾರಾದಾಗಲೇ ಹೊರಗೆ ಪಕ್ಕದ ಹಳಿಯ ಮೇಲೆ ಟ್ರೇನು ಬಂತು. ನಮ್ಮ ಗೋಡೆಗಳು ಎಷ್ಟೇ ದಪ್ಪವಿದ್ದರೂ ಅದರ ನಡುಕ ನೆಲದಿಂದ ಏರಿ ಬರುತ್ತದೆ. ಕೈಯೆತ್ತಿ ನಿಲ್ಲಿಸಿದೆ, ಅದು ಹೋಗುವವರೆಗೆ ಎಲ್ಲರೂ ಸುಮ್ಮನೆ ಕೂತೆವು.

ಹಾಡಿದರು. ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ, ಸಾಲಿನ ನಡುವೆ ಎರಡು ಕಡೆ ನಿಂತರು. ಆದರೆ ಆ ಧೈವತದ ಮೇಲೆ ಬಂದಾಗ ನಿಂತದ್ದು ಉಸಿರಿಗಾಗಿ ಅಲ್ಲ. ಮೆಟ್ಟಿಲು ಇಳಿಯುವಾಗ ಮುಂದಿನ ಮೆಟ್ಟಿಲು ಇದೆಯೋ ಇಲ್ಲವೋ ಅಂತ ಕಾಲಿನಿಂದ ತಡಕುತ್ತೇವಲ್ಲ, ಹಾಗೆ ಆ ಸ್ವರ ಅಲ್ಲಿ ತಡಕಾಡಿ, ಕಂಪಿಸಿ, ಇಳಿಯಿತು. ಪರದೆಯ ಮೇಲೆ ನೋಡಿದೆ. ಐವತ್ತು ವರ್ಷದ ಹಿಂದಿನ ನೆರಳು ಬರೆದ ಗೆರೆ, ಈಗಿನ ದನಿ ಬರೆದ ಗೆರೆ, ಎರಡನ್ನೂ ಒಂದರ ಕೆಳಗೊಂದು ಇಟ್ಟೆ. ಎರಡರ ಬಾಗೂ ಒಂದೇ ಆಗಿತ್ತು.

"ಯಾವ ರಾಗ ಅಮ್ಮಾ ಇದು?"

"ಅದೆಲ್ಲ ನನಗೆ ಗೊತ್ತಿಲ್ಲ. ಅಮ್ಮ ಹಾಡ್ತಾ ಇದ್ದರು, ನಾವು ಹಾಡಿದೆವು. ಹೆಸರು ಕೇಳ್ಲಿಕ್ಕೆ ಯಾರಿಗೆ ಪುರುಸೊತ್ತಿತ್ತು?"

ಚಿಕ್ಕಂದಿನಲ್ಲಿ ಬೆಂಗಳೂರಿನಲ್ಲಿ ನಾನೂ ಸ್ವಲ್ಪ ದಿನ ಸಂಗೀತದ ಕ್ಲಾಸಿಗೆ ಹೋಗಿದ್ದೆ. ಭೀಮ್‌ಪಲಾಸಿಗೆ ಹತ್ತಿರದ ಆಭೇರಿಯನ್ನು ನಮ್ಮ ಕಡೆ ಹಳಬರು ಕೆಳಗಿನ ಧೈವತ ಹಿಡಿದು ಹಾಡುತ್ತಿದ್ದರು, ಈಗ ಅದು ಅಪರೂಪ, ಅಂತ ಮೇಡಂ ಒಮ್ಮೆ ಹೇಳಿದ ನೆನಪು. ಇದು ಅದೇ ಅಂತ ನಾನು ಖಂಡಿತವಾಗಿ ಹೇಳಲಾರೆ. ಮೇಷ್ಟರಿಗೆ ಅಷ್ಟು ಹೇಳಿದ್ದೇ ತಡ, ಅವರು ಫೋನಿನಲ್ಲಿ ಬರೆದುಕೊಳ್ಳತೊಡಗಿದರು.

ನಾನು ಇನ್ನೊಂದು ಪ್ರಶ್ನೆ ಕೇಳಿದೆ. "ಕಚೇರಿ ಮುಗಿದ ಮೇಲೆ ಅವರು ನಿಮ್ಮ ಹತ್ರ ಏನೂ ಹೇಳ್ಲಿಲ್ವಾ?"

ಅಮ್ಮನವರು ಯೋಚಿಸಿದರು. "ಅಡುಗೆಮನೆಗೆ ಬಂದಿದ್ದರು. ಬಿಸಿ ನೀರು ಕೇಳಿದರು. ನಿಂತುಕೊಂಡೇ ಒಂದು ಬಜೆ ತಿಂದರು. ನೀವು ಹಾಡ್ತೀರೇನ್ರಿ ಅಂತ ಕೇಳಿದರು. ನಾನು ಇಲ್ಲ ಅಂದೆ." ಮತ್ತೆ ತಮ್ಮಷ್ಟಕ್ಕೇ, "ಇಲ್ಲ ಅಂದೆ" ಅಂದರು. ಆಮೇಲೆ, "ಅದು ಸುಳ್ಳಲ್ಲ ಮಗಾ, ನಾನು ಹಾಡುವವಳು ಅಂತ ನನಗೇ ಅನ್ನಿಸಿರಲಿಲ್ಲ."

ಇನ್ನುಳಿದದ್ದು ಡಿಸ್ಕಿನ ಪ್ರಶ್ನೆ. ಆ ದನಿಯನ್ನು ಕೊಂಚ ಎತ್ತಿ ಎಲ್ಲರಿಗೂ ಕೇಳುವಂತೆ ಮಾಡೋಣ ಅಂದರು ಮೇಷ್ಟರು. ಒಡತಿ ಒಪ್ಪಲಿಲ್ಲ. "ಎತ್ತುವುದೂ ಬೇಡ, ಇಳಿಸುವುದೂ ಬೇಡ. ಆಕೆ ಎಷ್ಟು ದೂರದಲ್ಲಿದ್ದರೋ ಅಷ್ಟೇ ದೂರದಲ್ಲಿರಲಿ. ಗಾಯಕಿಗೆ ಅಷ್ಟು ದೂರದಿಂದಲೇ ಕೇಳಿಸಿತಲ್ಲ" ಅಂದಳು. ಕೊನೆಗೆ ಹಾಗೇ ಆಯಿತು. ಬಾಗಿಲ ಮಾತುಕತೆಯನ್ನೂ ಕತ್ತರಿಸದೆ ಉಳಿಸಿಕೊಂಡೆವು. ನನಗೆ ಬಹಳ ಕೆಲಸ ಹಿಡಿದದ್ದು ಎಣ್ಣೆ. ಟೇಪಿನ ಸುಯ್ ತೆಗೆಯಬೇಕು, ಎಣ್ಣೆಯ ಸುಯ್ ಉಳಿಯಬೇಕು. ಕಂಪ್ಯೂಟರಿಗೆ ಎರಡೂ ಒಂದೇ. ಒಂದೊಂದು ಬಜೆ ಎಣ್ಣೆಗೆ ಬಿದ್ದ ಗಳಿಗೆಯನ್ನೂ ಕಿವಿಯಿಂದ ಹುಡುಕಿ, ಅದರ ಸುತ್ತ ಬೇಲಿ ಹಾಕಿದಂತೆ ಗುರುತು ಮಾಡಿ, ಉಳಿದದ್ದನ್ನು ಮಾತ್ರ ಒರೆಸುತ್ತಾ ಹೋದೆ. ಅಷ್ಟು ದಿನವೂ ಮಧ್ಯಾಹ್ನದ ಹೊತ್ತಿಗೆ ನನಗೆ ಹೊಟ್ಟೆ ತಾಳ ಹಾಕುತ್ತಿತ್ತು. ಕೊನೆಗೆ ಒಂದು ಶನಿವಾರ ಮಿಲ್ಪಿಟಾಸಿನ ಇಂಡಿಯನ್ ಅಂಗಡಿಯಿಂದ ಮೈದಾ, ಮೊಸರು ತಂದು ಮನೆಯಲ್ಲಿ ಗೋಳಿಬಜೆ ಮಾಡಿದೆ. ಕಲ್ಲಿನ ಹಾಗಾಯಿತು. ಆದರೆ ಸದ್ದು ಸರಿಯಾಗಿತ್ತು.

ಸ್ಟುಡಿಯೋದಲ್ಲಿ ಅಮ್ಮನವರು ಹಾಡಿದ್ದನ್ನೂ ಡಿಸ್ಕಿಗೆ ಸೇರಿಸುವ ಆಸೆ ಮೇಷ್ಟರಿಗಿತ್ತು. ಅಮ್ಮನವರು ಒಪ್ಪಲಿಲ್ಲ. "ಅದು ನಿಮ್ಮ ಹತ್ತಿರವೇ ಇರಲಿ" ಅಂದರು. ಪುಸ್ತಿಕೆಯಲ್ಲಿ ಹೆಸರು ಹಾಕುತ್ತೇವೆ ಅಂದಾಗ ತಮ್ಮದು ಬೇಡ, ತಮಗೆ ಹೇಳಿಕೊಟ್ಟ ಅಮ್ಮನದು ಹಾಕಿ ಅಂದರು. ಮೇಷ್ಟರು ತಮ್ಮ ಹಳೆಯ ಲೇಖನವನ್ನು ಕೈಬಿಟ್ಟು ಹೊಸದಾಗಿ ಬರೆದರು. ಮೊದಲಿನದಕ್ಕಿಂತ ಚಿಕ್ಕದು. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಜಾಸ್ತಿ.

ಡಿಸ್ಕು ಬಂದ ಮೇಲೆ ಈಮೇಲುಗಳೂ ಬಂದವು. ಎಡ ಚಾನೆಲ್ಲಿನ ಸುಯ್ ಸದ್ದು ಸರಿಯಾಗಿ ತೆಗೆದಿಲ್ಲ, ಇಷ್ಟು ಒಳ್ಳೆಯ ಡಿಸ್ಕಿನಲ್ಲಿ ಇಂಥ ಅಸಡ್ಡೆಯೇ ಅಂತ ಒಬ್ಬರು ಬೈದಿದ್ದರು. ಪುಸ್ತಿಕೆ ಓದಿರಲಿಕ್ಕಿಲ್ಲ. ಒಡತಿ ಅದನ್ನು ಪ್ರಿಂಟು ತೆಗೆದು ಕಾಫಿ ಯಂತ್ರದ ಮೇಲೆ ಅಂಟಿಸಿದ್ದಾಳೆ.

ಕೆಲವು ವಾರಗಳ ಹಿಂದೆ ಮೇಷ್ಟರು ತಮಗೆ ಬಂದ ಒಂದು ವಾಯ್ಸ್ ಮೆಸೇಜನ್ನು ನನಗೆ ಕಳಿಸಿ, "ಇದು ನಿನ್ನ ಭಾಷೆ, ಏನು ಹೇಳುತ್ತಿದ್ದಾರೆ ನೋಡು" ಅಂದರು. ಡಿಸ್ಕು ಕೇಳಿದ ಧಾರವಾಡದ ಒಬ್ಬ ಹಿರಿಯರು ಮಾತಾಡಿದ್ದರು. ಆ ಗಾಯಕಿಯ ಬಳಿ ಅನೇಕ ವರ್ಷ ಕಲಿತವರಂತೆ.

"ನಮ್ಮ ಬಾಯಾರು ಆಮ್ಯಾಲೆ ಆ ಪದಾ ಹಾಡಿದಾಗೆಲ್ಲ ಆ ಧೈವತಾ ಹಚ್ಚತಿದ್ರು ನೋಡ್ರಿ. ಇದನ್ನ ಯಾರ ಕಡೆ ಕಲಿತ್ರಿ ಬಾಯಾರ ಅಂತ ನಾವು ಕೇಳಿದ್ರ, ನಕ್ಕೋತ, ಅಮೇರಿಕಾದಾಗ ಸಿಕ್ತು ಅಂತಿದ್ರು. ಚ್ಯಾಷ್ಟಿ ಮಾಡ್ತಾರ ಅಂತ ನಾವು ತಿಳ್ಕೊಂಡಿದ್ವಿ. ಅಮೇರಿಕಾದಾಗ ಧೈವತಾ ಎಲ್ಲಿ ಸಿಗ್ತದರೀ?"

ಅಂದು ಸಂಜೆ ಫ್ರೀವೇ ಎಂದಿನಂತೆ ನಿಂತುಬಿಟ್ಟಿತ್ತು. ಕಾರಿನಿಂದಲೇ ಡಬ್ಲಿನ್ನಿಗೆ ಫೋನು ಹಚ್ಚಿದೆ. ಮಗಳು ಸ್ಪೀಕರಿಗೆ ಹಾಕಿ ಅಮ್ಮನ ಮುಂದಿಟ್ಟಳು. ನಾನು ಆ ಹಿರಿಯರ ಮಾತನ್ನು ಇದ್ದ ಹಾಗೇ ಹೇಳಿದೆ. ಹಿಯರಿಂಗ್ ಏಡು ತೆಗೆದಿಟ್ಟಿದ್ದಾರೋ ಏನೋ ಅಂದುಕೊಂಡು ಮತ್ತೆ ಹೇಳಲು ಹೊರಟೆ.

"ಕೇಳಿಸ್ತು ಕೇಳಿಸ್ತು" ಅಂದರು. "ಹಾಡ್ತೀರಾ ಅಂತ ಕೇಳುವ ಬದಲು ಅದೊಂದು ಸಾಲು ಹೇಳಿಕೊಡಿ ಅಂತ ಕೇಳಿದ್ದರೆ ಸರಿಯಾಗಿ ಹೇಳಿಕೊಡ್ತಿದ್ದೆನಲ್ಲ." ಆಮೇಲೆ ದನಿ ಬದಲಾಯಿತು. "ಆ ಧಾರವಾಡದವರು ಈಗಲೂ ಹಾಡ್ತಾರಾ ಅದನ್ನು? ಅಲ್ಲಿ ನಿಲ್ತಾರಾ, ಓಡ್ತಾರಾ, ಕೇಳು."

ನನಗೂ ಅದು ಗೊತ್ತಿಲ್ಲ. ಆ ಹಿರಿಯರಿಗೆ, ಆ ಪದವನ್ನು ಒಮ್ಮೆ ಹಾಡಿ ಕಳಿಸಿ ಅಂತ ಮೆಸೇಜು ಹಾಕಿದ್ದೇನೆ. ಗಂಟಲು ಕೆಟ್ಟಿದೆ, ಸರಿಹೋದ ಮೇಲೆ ಕಳಿಸುತ್ತೇನೆ ಅಂದಿದ್ದಾರೆ. ಅಮ್ಮನವರು ದಿನ ಬಿಟ್ಟು ದಿನ ಫೋನು ಮಾಡಿ, ಬಂತಾ ಅಂತ ಕೇಳುತ್ತಾರೆ.